ಎಡಕ್ಕೆ ತಿರುಗದ ಜೀಪು

ಕೂತ ಬಸ್ಸು ಎಡಕ್ಕೆ ತಿರುಗಿದರೆ ಸಾಕು, ನಾನು ಉಸಿರು ಬಿಗಿಹಿಡಿದು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತೇನೆ. ಬಲಕ್ಕೆ ತಿರುಗಿದರೆ ಏನೂ ಇಲ್ಲ, ಆರಾಮಾಗಿ ಶೇಂಗಾ ತಿನ್ನುತ್ತಿರುತ್ತೇನೆ. ಮೊನ್ನೆ ಗಂಗಾವತಿಗೆ ಹೋಗುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಇದನ್ನು ಗಮನಿಸಿ, ಎಡಗಡೆ ಹೊಟ್ಟೆ ಹಿಡಿಯುತ್ತದೆಯೋ ಎಂದು ವಿಚಾರಿಸಿದರು. ಪುಣ್ಯಾತ್ಮರು, ಜೀರಿಗೆ ಕುದಿಸಿ ಕುಡಿಯಲು ಹೇಳಿ ಇಳಿದು ಹೋದರು. ನನ್ನದು ಜೀರಿಗೆಗೆ ಬಗ್ಗುವ ರೋಗವಲ್ಲ. ಅದು ಒಂದು ಕಬ್ಬಿಣದ ಬಂಪರಿನಿಂದ ಅಂಟಿಕೊಂಡದ್ದು.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಅನ್ನಬೇಡಿ. ಕೊಪ್ಪಳದಲ್ಲಿ ನೋಟುಬುಕ್ಕು, ಪೆನ್ನು, ರಟ್ಟು, ಬಣ್ಣದ ಹಾಳೆ ಮಾರುವ ಅಂಗಡಿ ನನ್ನದು. ಜೀವಮಾನದಲ್ಲಿ ನಾನು ಎದುರಿಸಿದ ದೊಡ್ಡ ಅಪಾಯವೆಂದರೆ ಜೂನ್ ಮೊದಲ ವಾರ ಅಂಗಡಿಗೆ ನುಗ್ಗುವ ಮಕ್ಕಳ ತಾಯಂದಿರು. ಇಂಥ ಶೂರನಿಗೆ ಗುಡ್ಡ ಹತ್ತುವ ಜೀಪು ಯಾಕೆ ಅಂದರೆ, ಜೀಪು ಬೇಕಾದದ್ದು ನನಗಲ್ಲ. ನನ್ನ ಹೆಂಡತಿ ಗಿರಿಜೆಗೆ. ಅವಳು ಸರಕಾರಿ ಶಾಲೆಯಲ್ಲಿ ಗಣಿತದ ಟೀಚರು. ಆ ವರ್ಷ ಅವಳಿಗೆ ಯಲಬುರ್ಗಾ ದಾಟಿ ಒಂದು ಹಳ್ಳಿಗೆ ವರ್ಗವಾಯಿತು. ಡಾಂಬರು ಮುಗಿದ ಮೇಲೆ ಕಪ್ಪುಮಣ್ಣಿನ ಎರೆಹೊಲಗಳ ನಡುವೆ ಮೂರು ಕಿಲೋಮೀಟರು ಮಣ್ಣಿನ ದಾರಿ. ಮಳೆ ಬಿದ್ದರೆ ಆ ಎರೆಮಣ್ಣು ಕಾಲಿನಿಂದ ಚಪ್ಪಲಿ ಕಿತ್ತುಕೊಂಡು ವಾಪಸು ಕೊಡುವುದಿಲ್ಲ. ದಿನಕ್ಕೊಂದು ಬಸ್ಸು, ಅದೂ ಮನಸ್ಸು ಬಂದರೆ.

ಅವಳ ಮುಂದೆ ಎರಡೇ ದಾರಿ ಇದ್ದವು. ಯಲಬುರ್ಗಾದಲ್ಲಿ ರೂಮು ಹಿಡಿದು ಭಾನುವಾರಕ್ಕೊಮ್ಮೆ ಮನೆಗೆ ಬರುವುದು, ಇಲ್ಲವೇ ತಾನೇ ಗಾಡಿ ಓಡಿಸಿಕೊಂಡು ದಿನಾ ಹೋಗಿ ಬರುವುದು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾವು ಬೇರೆ ಬೇರೆ ಊರಲ್ಲಿ ಮಲಗಿದ್ದು ಅವಳ ಎರಡು ಹೆರಿಗೆಗಳಲ್ಲಿ ಮಾತ್ರ. ಹಾಗಾಗಿ ಅವಳು ಗಾಡಿಯ ದಾರಿ ಹಿಡಿದಳು. ಬೇಸಿಗೆ ರಜೆ ಶುರುವಾಗುತ್ತಲೇ ಡ್ರೈವಿಂಗ್ ಶಾಲೆಗೆ ಸೇರಿ, ಅವರ ಪುಟ್ಟ ಕಾರಿನಲ್ಲಿ ಕಲಿತು, ಮೊದಲನೇ ಸಲಕ್ಕೇ ಲೈಸೆನ್ಸು ತಂದಳು. ನನಗೆ ಮೂರನೇ ಸಲಕ್ಕೆ ಸಿಕ್ಕಿತ್ತು. ಈಗೀಗ ಪರೀಕ್ಷೆ ಬಹಳ ಸಡಿಲವಾಗಿದೆ ಎಂದು ನಾನು ಬಂದವರೆದುರು ಹೇಳಿಕೊಂಡು ತಿರುಗಿದೆ.

ಜೀಪು ಗಂಗಾವತಿ ಕಡೆಯಿಂದ ಬಂತು. ಹಳೆಯದು, ಆದರೆ ಗಟ್ಟಿ. ರಸ್ತೆ ಬಿಟ್ಟು ಓಡಬಲ್ಲ ಗಾಡಿ ಎಂದು ಮಾರಿದವನು ಹೊಗಳಿದ. ನಮ್ಮ ಕಡೆ ನಾವು ರಸ್ತೆ ಬಿಡುವ ಪ್ರಮೇಯವೇ ಬರುವುದಿಲ್ಲ, ರಸ್ತೆಯೇ ನಮ್ಮನ್ನು ಅರ್ಧದಲ್ಲಿ ಬಿಟ್ಟು ಹೋಗುತ್ತದೆ. ಕಾಗದದಲ್ಲಿ ಗಾಡಿ ಗಿರಿಜೆಯ ಹೆಸರಿಗೆ. ಆದರೆ ನಾನು ಕಾಗದದ ವ್ಯಾಪಾರಿ, ಕಾಗದಕ್ಕೆ ಎಷ್ಟು ಮರ್ಯಾದೆ ಕೊಡಬೇಕೆಂದು ನನಗೆ ಗೊತ್ತು. ಎರಡೇ ದಿನದಲ್ಲಿ ಅದು 'ನನ್ನ ಜೀಪು' ಆಯಿತು.

ಆಗ ಮರಳಿ ಎಂಬ ಊರಿನಿಂದ ನನ್ನ ಷಡ್ಡಕ ಬಂದ, ಅಂದರೆ ಗಿರಿಜೆಯ ಅಕ್ಕನ ಗಂಡ. ಕಾಲುವೆ ನೀರಿನ ಭತ್ತದ ಗದ್ದೆಯವನು. ಅವನ ಜೀಪಿನ ಮುಂದೆ ಒಂದು ಬಂಪರು ಇದೆ, ಅದನ್ನು ನೋಡಿದರೆ ಎಮ್ಮೆಗಳೂ ನಮಸ್ಕಾರ ಹೇಳಿ ದಾರಿ ಬಿಡುತ್ತವೆ. ಅವನು ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಎಲ್ಲಾ ಛಲೋ ಐತಿ ತಮ್ಮಾ,” ಅಂದ. “ಮುಂದ ಮಾತ್ರ ಹಲ್ಲು ಬಿದ್ದ ಮುದುಕನಂಗ ಕಾಣತೈತಿ ನೋಡು.” ಹೇಳಿ, ಚಹಾ ಕುಡಿದು, ಹೋಗಿಬಿಟ್ಟ. ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂಗಡಿಗೆ ಹೋಗುವಾಗ, ಬರುವಾಗ ಜೀಪಿನ ಮುಖ ನೋಡಿದರೆ ನನಗೂ ಅದು ಬೊಚ್ಚು ಬಾಯಿಯೇ ಕಾಣತೊಡಗಿತು.

ಗಿರಿಜೆ ಬೇಡ ಅಂದಳು. ಶಾಲೆಗೆ ಹೋಗುವ ಗಾಡಿಗೆ ಕೋಡು ಯಾಕೆ ಅಂದಳು. ಇಂಥ ಬಂಪರು ಹಾಕಿಸುವುದು ಕಾನೂನಿಗೆ ವಿರುದ್ಧ ಅಂತಲೂ ಹೇಳಿದಳು. ನನಗೆ ಅದು ಗೊತ್ತಿರಲಿಲ್ಲ ಎಂದು ನಾನು ಬರೆದರೆ ನೀವು ನಂಬುವ ಅಗತ್ಯವಿಲ್ಲ. ಮಣ್ಣಿನ ದಾರಿ, ಹಂದಿ ಅಡ್ಡ ಬರುತ್ತದೆ, ಎತ್ತು ಅಡ್ಡ ಬರುತ್ತದೆ, ನಿನ್ನ ಸುರಕ್ಷೆಗಾಗಿಯೇ ಹಾಕಿಸುತ್ತಿದ್ದೇನೆ ಎಂದು ಭಾಷಣ ಮಾಡಿದೆ. ಗಂಡಸು ತನ್ನ ಚಟಕ್ಕೆ ಹೆಂಡತಿಯ ಸುರಕ್ಷೆಯ ಹೆಸರಿಡುವುದು ಹೊಸದೇನಲ್ಲ. ನಿಮ್ಮ ಮನೆಯಲ್ಲೂ ಇಂಥ ಸಾಮಾನು ಒಂದಾದರೂ ಇದ್ದೀತು, ಹುಡುಕಿ.

ಗಿಣಿಗೇರಾ ದಾರಿಯಲ್ಲಿ ಖಾಜಾಸಾಬರ ವೆಲ್ಡಿಂಗ್ ಶೆಡ್ಡು ಇದೆ. ನಲವತ್ತು ವರ್ಷದಿಂದ ಅವರು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಎರಡು ಗಾಲಿಯ ಟ್ರೇಲರ್ ಮಾಡುತ್ತ ಬಂದವರು. ಅವರು ಮಾಡಿದ ಟ್ರೇಲರ್ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಮಾತಿದೆ. ಜೀಪಿನ ಬಂಪರು ಅವರು ಮಾಡಿದ್ದಿಲ್ಲ, ಅದನ್ನು ಅವರೇ ಹೇಳಿದರು. ಕಬ್ಬಿಣ ಕಬ್ಬಿಣವೇ ಅಲ್ಲವೇ ಎಂದು ನಾನು ಧೈರ್ಯ ತುಂಬಿದೆ. ಎಷ್ಟು ಗಟ್ಟಿ ಬೇಕು ಎಂದು ಕೇಳಿದರು. ಗೋಡೆ ಗುದ್ದಿದರೆ ಗೋಡೆ ಬೀಳಬೇಕು ಅಂದೆ. ಕಾಗದದ ಅಂಗಡಿಯವನಿಗೆ ಯಾವ ಗೋಡೆಯ ಮೇಲೆ ಅಷ್ಟು ಸಿಟ್ಟಿತ್ತೋ ದೇವರಿಗೇ ಗೊತ್ತು.

ಖಾಜಾಸಾಬರ ಅಳತೆ ನಾಲ್ಕು ಬೆರಳಿನದು. ಟಯರಿಗೂ ಕಬ್ಬಿಣಕ್ಕೂ ನಡುವೆ ಕೈಯ ನಾಲ್ಕು ಬೆರಳು ತೂರಿದರೆ ಆಯಿತು, ಯಾವ ಟ್ರೇಲರಿಗೂ ಅದಕ್ಕಿಂತ ಹೆಚ್ಚು ಜಾಗ ಬೇಕಾಗಿಲ್ಲ. ಜೀಪನ್ನು ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಿಸಿ, ದಪ್ಪ ಕಬ್ಬಿಣದ ಚಾನಲ್ಲು ಬೆಸೆದು, ಎರಡು ತುದಿಯಲ್ಲೂ ಪೈಪು ಬಗ್ಗಿಸಿ ಚಕ್ರದ ಮುಂದೆ ಸುತ್ತಿ ತಂದರು. ನಾಲ್ಕು ಬೆರಳು ತೂರಿಸಿ ತೋರಿಸಿದರು. ಬಲಗಡೆ ಸ್ವಲ್ಪ ಸಡಿಲವಾಗಿಯೇ ತೂರಿದವು, ಎಡಗಡೆ ಲೆಕ್ಕಕ್ಕೆ ಸರಿಯಾಗಿ. ಬಂಪರು ಕೂರಿಸಿದ ಮೇಲೆ ಜೀಪಿನ ಮೂತಿ ಎರಡು ಇಂಚು ಕೆಳಗೆ ಬಗ್ಗಿತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ. ಜೀಪು ವಿನಯದಿಂದ ತಲೆ ತಗ್ಗಿಸಿದೆ ಎಂದು ನಾನು ತಿಳಿದೆ. ತೆಂಗಿನಕಾಯಿ ಒಡೆದು ಹೊರಟೆ.

ಗಿಣಿಗೇರಾದಿಂದ ಕೊಪ್ಪಳಕ್ಕೆ ರಸ್ತೆ ನೆಟ್ಟಗಿದೆ. ಅಷ್ಟು ದೂರವೂ ನಾನು ರಾಜನೇ. ನಮ್ಮ ಓಣಿಗೆ ಬಂದು ಸ್ಟೀರಿಂಗು ಪೂರ್ತಿ ಎಡಕ್ಕೆ ತಿರುಗಿಸಿದೆ ನೋಡಿ, ಮುಂದಿನಿಂದ ಕಟ್ಟಿಗೆಗೆ ಗರಗಸ ಹಚ್ಚಿದಂಥ ಸದ್ದು ಬಂತು. ಇಳಿದು ನೋಡಿದರೆ ಎಡಗಡೆಯ ಟಯರು ಹೋಗಿ ಬಂಪರಿನ ಪೈಪನ್ನು ಉಜ್ಜುತ್ತಿದೆ. ಟ್ರೇಲರಿನ ಗಾಲಿ ಹುಟ್ಟಿದಾಗಿನಿಂದ ಸಾಯುವ ತನಕ ನೆಟ್ಟಗೇ ಇರುತ್ತದೆ, ಎಡಬಲ ತಿರುಗುವ ಕರ್ಮ ಅದಕ್ಕಿಲ್ಲ. ಖಾಜಾಸಾಬರು ನಲವತ್ತು ವರ್ಷದಲ್ಲಿ ತಿರುಗುವ ಗಾಲಿಯನ್ನು ಅಳೆದವರೇ ಅಲ್ಲ. ಬಂಪರು ಅಚ್ಚುಕಟ್ಟಾಗಿಯೇ ಇತ್ತು, ಗಾಡಿ ಜೀವನಪೂರ್ತಿ ನೆಟ್ಟಗೆ ಹೋಗುವುದಾದರೆ.

ಮರ್ಯಾದಸ್ಥನಾದವನು ಆ ಕ್ಷಣವೇ ಗಾಡಿ ತಿರುಗಿಸಿಕೊಂಡು ಶೆಡ್ಡಿಗೆ ಹೋಗಬೇಕಿತ್ತು. ಆದರೆ ಬೇಡ ಬೇಡ ಅಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಏನದು ಸದ್ದು ಎಂದು ಕೇಳಿದಳು. ಹೊಸ ಬಂಪರು, ಹೊಂದಿಕೊಳ್ಳಲು ನಾಲ್ಕು ದಿನ ಬೇಕು ಅಂದೆ, ಅದೇನೋ ಹೊಸ ಸೊಸೆ ಎಂಬಂತೆ. ಅಂದಿನಿಂದ ನಾನು ಎಡಕ್ಕೆ ತಿರುಗುವುದನ್ನೇ ಬಿಟ್ಟೆ. ಅಂಗಡಿಯಿಂದ ಮನೆಗೆ ಒಂದೇ ಒಂದು ಎಡತಿರುವು. ಅದರ ಬದಲು ಮೂರು ಸಲ ಬಲಕ್ಕೆ ತಿರುಗಿ, ಅರ್ಧ ಊರು ಸುತ್ತಿ ಬರುತ್ತಿದ್ದೆ. ಪರಿಚಯದವರು ಯಾವುದೋ ಚುನಾವಣೆಗೆ ನಿಲ್ಲುತ್ತಿದ್ದೇನೆಂದು ತಿಳಿದು ಕೈ ಮುಗಿಯತೊಡಗಿದರು.

ಉಜ್ಜುವ ಸದ್ದಿನ ವಿಷಯ ಬಂದಾಗ ನಮ್ಮಪ್ಪನ ಸೈಕಲ್ಲನ್ನು ಬಿಟ್ಟು ಮುಂದೆ ಹೋಗಲಾರೆ. ಅಪ್ಪ ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಾಸ್ತರು. ಅವರ ಸೈಕಲ್ಲಿನ ಮಡ್‌ಗಾರ್ಡು ಬಗ್ಗಿ ಟಯರಿಗೆ ತಾಗಿ ಸರಕ್ ಸರಕ್ ಅನ್ನುತ್ತಿತ್ತು. ಅವರು ಊರ ಮುಂದಿನ ಹುಣಸೆಮರದ ಹತ್ತಿರ ಬಂದಾಗಲೇ ಮನೆಯಲ್ಲಿ ನಮಗೆ ಕೇಳುತ್ತಿತ್ತು. ಗೋಲಿ ಜೇಬಿಗೆ, ಪುಸ್ತಕ ತೊಡೆಗೆ. ನನ್ನ ಮಕ್ಕಳು ಯಾವ ಹೊತ್ತಿಗೆ ಬಂದರೂ ಓದುತ್ತಿರುತ್ತವೆ ಎಂದು ಅಪ್ಪ ಊರೆಲ್ಲ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಯಾರೋ ಪುಣ್ಯಾತ್ಮ ಅದನ್ನು ಎರಡು ಏಟು ಬಡಿದು ನೆಟ್ಟಗೆ ಮಾಡಿಕೊಟ್ಟ. ಅಂದು ಸಂಜೆ ಅಪ್ಪ ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ನಿಂತಾಗ ನಾನೂ ನನ್ನ ತಮ್ಮನೂ ಒಣಗಿದ ಎಲೆ ಸುತ್ತಿ ಬೀಡಿ ಸೇದುತ್ತಿದ್ದೆವು. ಆ ಹೊಡೆತದ ನೆನಪು ಬೆನ್ನಿಗೆ ಇನ್ನೂ ಇದೆ. ಸದ್ದು ಮಾಡುವ ಗಾಡಿಗಿಂತ ಸದ್ದಿಲ್ಲದ ಗಾಡಿ ಅಪಾಯ ಎಂದು ಆಗಲೇ ಕಲಿತಿರಬೇಕಿತ್ತು. ಕಲಿಯಲಿಲ್ಲ.

ಯಾಕೆಂದರೆ ನನಗೀಗ ಸದ್ದು ನಿಲ್ಲಬೇಕಿತ್ತು, ಅಷ್ಟೇ. ಒಬ್ಬರು ಗಾಳಿ ಹೆಚ್ಚು ತುಂಬಿಸು ಅಂದರು. ಒಬ್ಬರು ಪೈಪಿಗೆ ಗ್ರೀಸು ಬಳಿ ಅಂದರು, ಬಳಿದೆ, ಗ್ರೀಸು ಹಚ್ಚಿದ ಸದ್ದು ಬಂತು. ಮೂತಿ ಎತ್ತರಿಸಲು ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಹಾಕಿಸು ಎಂದು ಮತ್ತೊಬ್ಬರು. ಪೈಪಿನ ತುದಿ ಕತ್ತರಿಸಿದರೆ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ನನಗೂ. ಆದರೆ ಕತ್ತರಿಸಿದರೆ ಗಿರಿಜೆಗೆ ಕಾಣುತ್ತದೆ, ಷಡ್ಡಕನಿಗೂ ಕಾಣುತ್ತದೆ. ಕೊನೆಗೆ ಗಂಗಾವತಿಯ ಒಬ್ಬ ಮೆಕ್ಯಾನಿಕ್ ನನ್ನ ಮನಸ್ಸಿಗೆ ಒಪ್ಪುವ ಔಷಧ ಕೊಟ್ಟ. ಮುಂದಿನ ಚಕ್ರ ಎಷ್ಟು ತಿರುಗಬೇಕೋ ಅಷ್ಟಕ್ಕೆ ತಡೆಯಲು ಒಳಗೆ ಒಂದು ಬೋಲ್ಟು ಇರುತ್ತದೆ. ಅದನ್ನು ಒಂದಿಷ್ಟು ಹೊರಗೆ ತೆಗೆದುಬಿಟ್ಟರೆ ಎಡಗಡೆ ಚಕ್ರ ಪೈಪಿನ ತನಕ ಹೋಗುವುದೇ ಇಲ್ಲ. ಮಾಡಿಸಿದೆ. ಸದ್ದು ನಿಂತಿತು. ಜೀಪು ಮಾತ್ರ ಎಡಕ್ಕೆ ಅರ್ಧ ತಿರುಗಿ, ಮುಂದೆ ತಿರುಗುವುದಿಲ್ಲ ಎಂದು ನಿಲ್ಲತೊಡಗಿತು.

ಇದನ್ನು ನಾನು ಗಿರಿಜೆಗೆ ಹೇಳಲಿಲ್ಲ. ಮರುದಿನದಿಂದ ಅವಳು ಅದೇ ಜೀಪಿನಲ್ಲಿ ರೂಢಿ ಮಾಡತೊಡಗಿದಳು.

ಡ್ರೈವಿಂಗ್ ಶಾಲೆಯ ಕಾರನ್ನು ಬುಗುರಿಯಂತೆ ತಿರುಗಿಸಿದವಳು ನಮ್ಮ ಓಣಿಯ ಎಡತಿರುವಿನಲ್ಲಿ ಒದ್ದಾಡಿದಳು. ಒಮ್ಮೆ ಮೂಲೆಮನೆಯ ಗೋಡೆಗೆ ಬಂಪರು ತಾಗಿತು. ಗೋಡೆ ಬೀಳಲಿಲ್ಲ ಎಂದು ನನಗೆ ಒಳಗೊಳಗೇ ಬೇಜಾರಾಯಿತು, ಅಂಥ ಮನುಷ್ಯ ನಾನು. ಗಾಡಿ ತಿರುಗುವುದಿಲ್ಲವಲ್ಲ ಎಂದು ಅವಳು ಎರಡು ಸಲ ಹೇಳಿದಳು. ದೊಡ್ಡ ಗಾಡಿ ಹಾಗೇ ಇರುತ್ತದೆ, ಕೈಗೆ ಕಸುವು ಬೇಕು, ಕಣ್ಣಿಗೆ ಅಂದಾಜು ಬೇಕು ಎಂದು ನಾನು ಪಾಠ ಹೇಳಿದೆ. ಅವಳು ಸ್ಟೀರಿಂಗಿನ ಮೇಲೆ ಬೆರಳಿಟ್ಟು ಏನೋ ಯೋಚಿಸುತ್ತ ಕೂತಿರುತ್ತಿದ್ದಳು. ಧೈರ್ಯ ಹೋಗಿದೆ, ಪಾಪ, ಅಂದುಕೊಂಡೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮೂರು ವಾರ ಕಳೆದೆ. ಬಾಯಿ ಬಿಟ್ಟರೆ ಬಣ್ಣಗೇಡು.

ಶಾಲೆ ಶುರುವಾಗುವ ಹಿಂದಿನ ವಾರ ದಾರಿ ನೋಡಿಕೊಂಡು ಬರೋಣ ಎಂದು ಇಬ್ಬರೂ ಆ ಹಳ್ಳಿಗೆ ಹೋದೆವು. ಕುಕನೂರು, ಯಲಬುರ್ಗಾ ದಾಟಿ, ಮಣ್ಣಿನ ದಾರಿಯಲ್ಲೂ ಅವಳು ನೀಟಾಗಿ ಓಡಿಸಿದಳು. ಶಾಲೆಯ ಗೇಟು ಇದ್ದದ್ದು ಇಕ್ಕಟ್ಟಾದ ಓಣಿಯ ಎಡಗಡೆಗೆ, ಎರಡು ಕಲ್ಲಿನ ಕಂಬಗಳ ನಡುವೆ. ಎದುರಿಗೆ ಬೇವಿನಮರದ ಕಟ್ಟೆಯ ಮೇಲೆ ಊರ ಹತ್ತು ಹನ್ನೆರಡು ಜನ ಹೊಸ ಟೀಚರನ್ನು ನೋಡಲು ಕೂತಿದ್ದರು. ಗಿರಿಜೆ ತಿರುಗಿಸಿದಳು. ಜೀಪಿನ ಮೂತಿ ಕಂಬಕ್ಕೆ ಹೋಗಿ ನಿಂತಿತು. ಹಿಂದೆ ತೆಗೆದಳು, ಮತ್ತೆ ತಿರುಗಿಸಿದಳು, ಮತ್ತೆ ಕಂಬ. ನಾಲ್ಕು ಸಲ ಹೀಗಾಯಿತು. ಎತ್ತು ಹೂಡಿದರೆ ತಾವೇ ತಿರುಗುತ್ತವೆ ಎಂದು ಕಟ್ಟೆಯ ಮೇಲಿನ ಅಜ್ಜನೊಬ್ಬ ಸಲಹೆ ಕೊಟ್ಟ. ಅವಳು ನನ್ನ ಮುಖ ನೋಡಿ, “ಗಾಡಿ ತಿರಗವಲ್ದರಿ,” ಅಂದಳು. ಎಲ್ಲರಿಗೂ ಕೇಳಿಸುವ ಹಾಗೆ ನಾನು ಅಂದೆ, “ಕುಣಿಲಾಕ ಬರದಾಕಿ ನೆಲ ಡೊಂಕು ಅಂದ್ಳಂತ.”

ಇಡೀ ಕಟ್ಟೆಯೇ ನಕ್ಕಿತು. ಗಾದೆ ಸುಳ್ಳಾಗುವುದಿಲ್ಲ ಅಂತಾರೆ. ಆವತ್ತು ನೆಲ ನಿಜವಾಗಿಯೂ ಡೊಂಕಿತ್ತು, ಡೊಂಕು ಮಾಡಿಸಿದವನು ನಾನೇ.

ಅವಳು ಇಳಿದು ಕೀಲಿ ನನ್ನ ಕೈಗಿಟ್ಟಳು. ನಾನು ಅಷ್ಟಕ್ಕೂ ಸುಮ್ಮನಾಗಲಿಲ್ಲ. ಮುಂದೆ ಹೋಗಿ, ಖಾಲಿ ಹೊಲದಲ್ಲಿ ಒಂದು ದೊಡ್ಡ ಸುತ್ತು ಹಾಕಿ, ಎದುರುದಿಕ್ಕಿನಿಂದ ಬಂದು ಬಲಕ್ಕೆ ತಿರುಗಿ ಗೇಟಿನೊಳಗೆ ನುಗ್ಗಿಸಿ, ಹೀಗೆ ನೋಡು ಎಂದು ತೋರಿಸಿದೆ. ಜನ ಭಲೇ ಅಂದರು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದರೆ ಬಾಗಿಲ ಹಿಂದೆ ಒಂದು ದೊಡ್ಡ ಚೀಲ. ಒಳಗೆ ಸಣ್ಣ ಗ್ಯಾಸ್ ಒಲೆ, ಎರಡು ಪಾತ್ರೆ, ಹೊದೆಯಲು ಒಂದು ಕೌದಿ. “ಯಲಬುರ್ಗಾದಾಗ ರೂಮ್ ಹೇಳೀನ್ರಿ,” ಅಂದಳು ಗಿರಿಜೆ, ರೊಟ್ಟಿ ಬಡಿಸುತ್ತಲೇ. “ಸೋಮವಾರದಿಂದ ಅಲ್ಲೇ ಇರ್ತೀನಿ.” ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅವಳು ಹೇಳಿದ್ದು ನಾಳೆ ಹಾಲಿನವನು ಬರುವುದಿಲ್ಲ ಅನ್ನುವ ಹಾಗೆ.

ಕೈ ತೊಳೆದವನೇ ಜೀಪು ಹತ್ತಿ ಖಾಜಾಸಾಬರ ಶೆಡ್ಡಿಗೆ ಓಡಿದೆ. ತಪ್ಪು ಒಪ್ಪಿಕೊಳ್ಳದೆಯೇ ತಪ್ಪು ತಿದ್ದಿಬಿಡುವ ಆಸೆ ನನಗಿನ್ನೂ ಇತ್ತು. ಸುಮ್ಮನೆ ಎರಡು ತುದಿ ಕತ್ತರಿಸಿಕೊಡಿ ಅಂದೆ. ತಾವು ಬೆಸೆದದ್ದನ್ನು ಕತ್ತರಿಸು ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಖಾಜಾಸಾಬರು ಕಾರಣ ಕೇಳಿದರು. ನಾನು ಗೊಣಗುತ್ತಿರುವಾಗಲೇ ಒಳಗೆ ಕೂತು ಸ್ಟೀರಿಂಗು ತಿರುಗಿಸಿ, ಇಳಿದು, ನೆಲಕ್ಕೆ ಮಲಗಿ ಚಕ್ರದ ಹಿಂದೆ ನೋಡಿದರು. ಎದ್ದು ಕೈ ಒರೆಸಿಕೊಂಡರು.

“ಗಲತಿ ನಂದ ಐತ್ರಿ ಅಣ್ಣಾರ,” ಅಂದರು. “ಟ್ರೇಲರ ಗಾಲಿ ತಿರಗಂಗಿಲ್ಲ, ನಾ ಹಂಗ ಅಳತಿ ಹಿಡದೆ.”

ನಾಲ್ಕು ಜನ ಗಿರಾಕಿಗಳ ಎದುರಿಗೇ ಹೇಳಿಬಿಟ್ಟರು. ನಲವತ್ತು ವರ್ಷದ ಹೆಸರಿಗೆ ಏನೂ ಆಗಲಿಲ್ಲ. ಗಿರಾಕಿಗಳು ತಮ್ಮ ಬೀಡಿ ಸೇದುತ್ತಲೇ ಇದ್ದರು. ಇಷ್ಟು ಸಲೀಸಾದ ಕೆಲಸವನ್ನು ನಾನು ಮೂರು ವಾರದಿಂದ ಗುಡ್ಡ ಹೊತ್ತ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದೆನಲ್ಲ ಅನಿಸಿತು.

ಆಮೇಲೆ ಅವರು ಹೊರಗೆಳೆದ ಬೋಲ್ಟಿನ ಮೇಲೆ ಬೆರಳಿಟ್ಟು, ಇದು ತಮ್ಮ ಕೆಲಸವಲ್ಲ, ಯಾರದು ಎಂದು ವಿಚಾರಿಸಿದರು. ನಾನು ಗ್ರೈಂಡರ್ ಯಂತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. “ಗಾಡಿ ಅಕ್ಕಾರು ಹೊಡೀತಾರ ಅಂದಿದ್ರಿ,” ಅಂದರು. “ಅವರಿಗೆ ಇದು ಗೊತ್ತೈತೇನ್ರಿ?” ಅವರು ಮತ್ತೆ ಜೀಪು ಹತ್ತಿದರು. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಚಾಕ್‌ಪೀಸಿನಿಂದ ಗೆರೆ ಎಳೆದರು. ಗ್ಯಾಸ್ ಕಟ್ಟರಿನಿಂದ ಎರಡೂ ತುದಿ ಓರೆಯಾಗಿ ಕತ್ತರಿಸಿ, ಬಾಯಿಗೆ ತಗಡು ಬೆಸೆದು, ಉಜ್ಜಿ, ಕರಿಬಣ್ಣ ಬಳಿದರು. ಬೋಲ್ಟನ್ನು ಹಳೆಯ ಜಾಗಕ್ಕೆ ಕಳಿಸಿದರು. ಚಕ್ರ ಪೂರ್ತಿ ತಿರುಗಿಸಿ ನಿಲ್ಲಿಸಿ, ಈ ಸಲ ಐದು ಬೆರಳು ತೂರಿಸಿ ನೋಡಿದರು.

ಭಾನುವಾರ ಬೆಳಿಗ್ಗೆ ಕೀಲಿಯನ್ನು ಗಿರಿಜೆಯ ಮುಂದೆ ಹಿಡಿದು, ಕೊನೆಯ ಸಲ ಒಮ್ಮೆ ನೋಡು ಅಂದೆ. ಅವಳು ಬಂಪರಿನ ಹೊಸ ಬಣ್ಣವನ್ನು ನೋಡಿದಳು. ಜೀಪು ಹತ್ತಿದಳು. ನಾನು ಪಕ್ಕದಲ್ಲಿ ಕೂತೆ. ಊರೊಳಗೆ ಒಂದು ಸುತ್ತು ಹೋಗಿ ಬಂದು, ನಮ್ಮ ಓಣಿಯ ಮೂಲೆಯಲ್ಲಿ ಎಡಕ್ಕೆ ತಿರುಗಿಸಿದಳು. ಜೀಪು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಳಗೆ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ, ನಾಲಿಗೆ ತನ್ನ ಹಳೆಯ ಚಾಳಿಗೇ ಹೋಯಿತು. ನಾನು ಹೇಳಿರಲಿಲ್ಲವೇ, ಎಲ್ಲಾ ರೂಢಿಯ ಮೇಲಿದೆ ಅಂದೆ.

ಅವಳು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದಳು.

“ಮೊದಲ ಬಲಕ್ಕ ಎರಡು ಸುತ್ತು ಬರತಿತ್ತು, ಎಡಕ್ಕ ಒಂದೂಕಾಲು,” ಅಂದಳು. “ಇವತ್ತ ಎರಡೂ ಕಡೆ ಎರಡು ಬಂತು.”

ಸ್ಟೀರಿಂಗಿನ ಮೇಲೆ ಬೆರಳಿಟ್ಟು ಅವಳು ಧೈರ್ಯ ಕಳೆದುಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ, ಸುತ್ತು ಎಣಿಸುತ್ತಿದ್ದಳು. ಗಣಿತದ ಟೀಚರು. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಎರಡನೇ ದಿನವೇ ಅಂದಳು. ಬಗ್ಗಿ ನೋಡಿ ಬೋಲ್ಟನ್ನೂ ಕಂಡಿದ್ದಳಂತೆ. ಹಾಗಾದರೆ ಆ ಶಾಲೆಯ ಮುಂದೆ, ಅಷ್ಟು ಜನರ ಎದುರಿಗೆ ಯಾಕೆ ಸುಮ್ಮನಿದ್ದೆ ಎಂದು ನಾನೇ ದೊಡ್ಡ ಧ್ವನಿ ತೆಗೆದೆ, ಅನ್ಯಾಯವಾದದ್ದು ನನಗೇ ಎಂಬಂತೆ.

“ಅಲ್ಲಿಯಾದ್ರೂ ಹೇಳ್ತೀರಂತ ನಿಮ್ಮ ಮುಖ ನೋಡಿದೆ,” ಅಂದಳು. “ನೀವು ಗಾದಿಮಾತು ಹೇಳಿದ್ರಿ.”

ಕೀಲಿ ಹೊರಗೆ ತೆಗೆಯುತ್ತ ಮತ್ತೆ ಹೇಳಿದಳು, “ಗಾಡಿ ತಿರಗವಲ್ದಂತ ನಾ ರೂಮ್ ಹಿಡದಿಲ್ರಿ.”

ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಷಡ್ಡಕನ ಮಾತು, ಮೂರು ಬಲತಿರುವು, ಗ್ರೀಸು, ಗಂಗಾವತಿಯ ಮೆಕ್ಯಾನಿಕ್ಕು. ಅವಳು ಎದುರಿನ ಗಾಜನ್ನೇ ನೋಡುತ್ತ ಕೇಳಿಸಿಕೊಂಡಳು. ನಗಲಿಲ್ಲ, ಅಳಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಮುಗಿದ ಮೇಲೆ ಇಳಿದು ಒಳಗೆ ಹೋಗಿ ಬೇಳೆ ಇಟ್ಟಳು.

ಸೋಮವಾರ ಬೆಳಿಗ್ಗೆ ಒಬ್ಬಳೇ ಜೀಪು ತೆಗೆದುಕೊಂಡು ಶಾಲೆಗೆ ಹೋದಳು, ಸಂಜೆ ಮನೆಗೆ ಬಂದಳು. ಆ ಚೀಲ ಮಾತ್ರ ಬಾಗಿಲ ಹಿಂದೆ ಇದ್ದಲ್ಲೇ ಇತ್ತು. ಮಂಗಳವಾರ ಇತ್ತು, ಬುಧವಾರವೂ ಇತ್ತು. ಕಸ ಗುಡಿಸುವಾಗ ಅವಳು ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಅದನ್ನು ಬಿಚ್ಚಿ ಒಳಗಿಡುವ ಧೈರ್ಯ ನನಗೂ ಆಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಉಂಡಾದ ಮೇಲೆ ಒಲೆಯನ್ನು ಚೀಲದಿಂದ ತೆಗೆದು ನೆಲಕ್ಕಿಟ್ಟು, ಅಟ್ಟದ ಮೇಲೆ ಇಡಬೇಕು ಅಂದಳು. ನಾನು ಏಣಿ ತಂದೆ.